ಗಾಳಿ ಚಾಪೆ

ಮೊನ್ನೆ ಮನೆಗೆ ಬಣ್ಣ ಬಳಿಯಲು ಬಂದ ಪೇಂಟರ್ ನಡುಮನೆಯ ಬಾಗಿಲನ್ನು ಪೂರ್ತಿ ಮುಚ್ಚಿ, ಅದರ ಹಿಂದಿನ ಗೋಡೆಯನ್ನೇ ನೋಡುತ್ತಾ ನಿಂತುಬಿಟ್ಟ. "ಏನ್ ಸಾ ಇದು, ಇಲ್ಲೊಂದ್ ಕಡೆ ಮಾತ್ರ ಯಾರೂ ಬಳ್ದೇ ಇಲ್ವಲ್ಲ!" ಎಂದ. ನೋಡಿದರೆ ಹೌದು. ನೆಲದಿಂದ ನನ್ನ ಎದೆಮಟ್ಟದವರೆಗೆ ಒಂದು ಗೇಣಗಲದ ಪಟ್ಟೆ. ಅದರಲ್ಲಿ ನಮ್ಮಪ್ಪನ ಕಾಲದ ತಿಳಿ ನೀಲಿ ಸುಣ್ಣ ಹಾಗೇ ಉಳಿದಿತ್ತು. ಅದರ ಅಕ್ಕಪಕ್ಕ ಹಳದಿ, ಹಸಿರು, ಕೆನೆ ಬಣ್ಣ ಎಲ್ಲ ಬಂದು ಹೋಗಿದ್ದವು.

ಅದು ಚಾಪೆಯ ಜಾಗ. ಎಷ್ಟೋ ವರ್ಷ ಅಲ್ಲೊಂದು ಈಚಲ ಚಾಪೆಯನ್ನು ಸುರುಳಿ ಸುತ್ತಿ ನಿಲ್ಲಿಸಿತ್ತು. ಸುಣ್ಣ ಬಳಿಯುವವರು ಬಂದಾಗಲೆಲ್ಲ ನಮ್ಮವ್ವ ಚಾಪೆಯ ಪಕ್ಕದಲ್ಲೇ ಕಾವಲು ನಿಂತು, "ಅದನ್ನ ಕದಲಿಸ್ಬ್ಯಾಡ್ರಪ್ಪ, ಸುತ್ತಾ ಬಳೀರಿ" ಎನ್ನುತ್ತಿದ್ದಳು. ಅವರೂ ಹಾಗೇ ಬಳಿದು ಹೋಗುತ್ತಿದ್ದರು. ಅಂಚಿಗೆಲ್ಲ ಕೆಂಪು ರವಿಕೆ ಬಟ್ಟೆ ಹೊಲಿದಿದ್ದ ಆ ಚಾಪೆಗೆ ನಮ್ಮ ಮನೆಯಲ್ಲಿ 'ಗಾಳಿ ಚಾಪೆ' ಎಂದು ಹೆಸರು. ತಮಾಷೆಯೆಂದರೆ ಅದು ನಮ್ಮದಲ್ಲ, ಪಕ್ಕದ ಮನೆಯ ಗಂಗತ್ತೆಯದು. ನೆಂಟರಿಷ್ಟರು ತುಂಬಿ ಹಾಸಿಗೆ ಸಾಲದಿದ್ದಾಗ ನಾವು ಗೋಣಿಚೀಲ ಹಾಸಿ ಮಲಗಿದ್ದುಂಟು, ಆ ಚಾಪೆಯನ್ನು ಮಾತ್ರ ಯಾರೂ ಮುಟ್ಟಿದ್ದಿಲ್ಲ. ಅದನ್ನು ಬಿಚ್ಚುತ್ತಿದ್ದುದು ಗಾಳಿಮಳೆ ಬಂದಾಗ ಮಾತ್ರ.

ಗಾಳಿಮಳೆಯ ವಿಷಯ ಮಾತಾಡಲು ನನಗಿಂತ ಅಧಿಕಾರ ಇರುವವನು ತುರುವೇಕೆರೆಯಲ್ಲಿ ಇನ್ನೊಬ್ಬನಿಲ್ಲ. ಹಾಗಂತ ನಾನು ಹವಾಮಾನ ಇಲಾಖೆಯವನೇನಲ್ಲ ಕಣ್ರೀ. ನನ್ನದು ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ಒಂದು ಹಾರ್ಡ್‌ವೇರ್ ಅಂಗಡಿ. ಛಾವಣಿ ಶೀಟು, ಅದನ್ನು ಬಿಗಿಯುವ ಹುಕ್ಕು, ಟಾರ್ಪಾಲು, ತಂತಿ, ಸಿಮೆಂಟು ಮಾರುತ್ತೇನೆ. ಊರಿಗೆ ಗಾಳಿ ಹೊಡೆದ ಮರುದಿನ ಬೆಳಿಗ್ಗೆ ಹಲ್ಲುಜ್ಜುವುದಕ್ಕೂ ಬಿಡದೆ ಜನ ಬಂದು ಅಂಗಡಿ ಮುಂದೆ ನಿಂತಿರುತ್ತಾರೆ. ಶೀಟು ಕಳೆದುಕೊಂಡ ದುಃಖದಲ್ಲೂ ನನ್ನನ್ನು ಕೆಣಕದೆ ಬಿಡುವುದಿಲ್ಲ. "ಏನಣ್ಣ ಮಂಜಣ್ಣ, ವ್ಯಾಪಾರ ಡಲ್ಲು ಅಂತ ಗಾಳಿಗೆ ಹೇಳಿ ಕಳ್ಸಿದ್ಯಾ?" ಎನ್ನುತ್ತಾರೆ. ನಾನು ಮುಖ ಸಪ್ಪಗೆ ಮಾಡಿಕೊಂಡು ಶೀಟು ಎಣಿಸುತ್ತೇನೆ. ನಗುವಂತಿಲ್ಲ, ಅಳುವಂತಿಲ್ಲ, ಇಂಥ ಹಾಳು ಕಸುಬು ಯಾರಿಗೂ ಬೇಡ.

ನಮ್ಮ ಕಡೆ ಇಸವಿ ಹೇಳಿ ಮಾತಾಡುವವರು ಕಡಿಮೆ. ನನ್ನ ಚಿಕ್ಕಪ್ಪನ ಮದುವೆ ಯಾವಾಗ ಆಯಿತು ಎಂದರೆ "ಟೆಂಟ್ ಹಾರಿದ್ ವರ್ಷ" ಎನ್ನುತ್ತಾರೆ. ಊರಾಚೆ ಹಾಕಿದ್ದ ಟೆಂಟ್ ಸಿನಿಮಾಕ್ಕೆ ಸಂಜೆ ಆಟದ ಹೊತ್ತಿಗೆ ಬಿರುಗಾಳಿ ನುಗ್ಗಿ, ಗುಡಾರ ಒಂದು ಕಡೆ, ಬಿಳಿ ಪರದೆ ಒಂದು ಕಡೆ ಹಾರಿಹೋದ ವರ್ಷ ಅದು. ಪರದೆ ಯಾರದೋ ತೋಟದ ತೆಂಗಿನ ಸುಳಿಗೆ ಸಿಕ್ಕಿಕೊಂಡು ಎರಡು ದಿನ ಬಾವುಟದ ಹಾಗೆ ಹಾರಾಡುತ್ತಿತ್ತು. ಆ ಮರ ನಮ್ಮದು, ನಿಮ್ಮದಲ್ಲ ಎಂದು ಇವತ್ತಿಗೂ ಮೂರು ಮನೆಯವರು ಜಗಳವಾಡುತ್ತಾರೆ. ಅರ್ಧ ಸಿನಿಮಾ ನೋಡಿದ್ದ ಜನ ಮಾತ್ರ ಉಳಿದರ್ಧ ತೋರಿಸಲೇಬೇಕೆಂದು ಹಟ ಹಿಡಿದು, ಮುಂದಿನ ವಾರ ನೋಡಿಯೇ ಬಿಟ್ಟರು.

ಕೆರೆ ಕೋಡಿ ಬಿದ್ದ ವರ್ಷದ್ದು ಇನ್ನೊಂದು ಕತೆ. ಹಸ್ತಾ ಮಳೆ ಹಿಡಿದದ್ದು ಬಿಡಲೇ ಇಲ್ಲ. ಬಸ್‌ಸ್ಟ್ಯಾಂಡಿನ ಚರಂಡಿಯಲ್ಲಿ ಮೀನು ಬಂದವು. ಪಂಚೆ ಬಿಚ್ಚಿ ಬಲೆ ಮಾಡಿಕೊಂಡು ಹಿಡಿದವರೆಷ್ಟು ಜನ! ನಮ್ಮ ಮನೆಯಲ್ಲಿ ಮೀನು ಮುಟ್ಟುವಂತಿಲ್ಲವಾದ್ದರಿಂದ ನಾನು ದಂಡೆಯ ಮೇಲೆ ನಿಂತು "ಅಲ್ಲೈತೆ, ಇಲ್ಲೈತೆ" ಎಂದು ಕೂಗುವುದರಲ್ಲೇ ಬಾಯಿ ಚಪ್ಪರಿಸಿದೆ. ದಂಡಿನಶಿವರದ ಕಡೆ ಆ ವರ್ಷ ಗೋಡೆ ಕುಸಿದು ಎಷ್ಟೋ ಮನೆಯವರು ಶಾಲೆಯಲ್ಲಿ ಮಲಗಿದರಂತೆ. ಅದು ಗೊತ್ತಾದದ್ದು ಆಮೇಲೆ. ಮಕ್ಕಳಿಗೆ ಅನಾಹುತವೆಂದರೆ ಮೊದಲು ಹಬ್ಬ.

ಹಬ್ಬ ಎಂದೆನಲ್ಲ, ಅದನ್ನೂ ಸ್ವಲ್ಪ ಬಿಡಿಸಿ ಹೇಳುತ್ತೇನೆ. ತೆಂಗಿನ ಸೀಮೆಯವರು ದಿನಾ ಕಾಯಿ ತುರಿದು ತುರಿದು ಉಣ್ಣುತ್ತಾರೆ ಅಂತ ನೀವು ಅಂದುಕೊಂಡಿದ್ದರೆ ಅದು ಶುದ್ಧ ತಪ್ಪು. ನಮ್ಮಲ್ಲಿ ಕಾಯಿ ಹುಟ್ಟುವುದೇ ಅಟ್ಟ ಹತ್ತಲಿಕ್ಕೆ. ಬಲಿತ ಕಾಯಿಯನ್ನು ಅಟ್ಟದ ಮೇಲೆ ಹರಡಿದರೆ ಹೆಚ್ಚುಕಮ್ಮಿ ಒಂದು ವರ್ಷ ಅದನ್ನು ಮಾತಾಡಿಸುವ ಹಾಗಿಲ್ಲ. ಒಳಗಿನ ನೀರು ಇಂಗಿ, ಕೊಬ್ಬರಿ ಕರಟ ಬಿಟ್ಟು, ಅಲ್ಲಾಡಿಸಿದರೆ ಲೊಟಲೊಟ ಅನ್ನಬೇಕು. ಆಮೇಲೆ ಸುಲಿದು, ಒಡೆದು, ಉಂಡೆ ಕೊಬ್ಬರಿಯನ್ನು ತಿಪಟೂರು ಮಾರ್ಕೆಟ್ಟಿಗೆ ಕಳಿಸಬೇಕು. ಹೀಗಾಗಿ ತಲೆಯ ಮೇಲೆ ಸಾವಿರಾರು ಕಾಯಿ ಇಟ್ಟುಕೊಂಡೂ ನಮ್ಮವ್ವ ಸಾರಿಗೆ ಕಾಯಿ ಹಾಕಬೇಕಾದರೆ ಕೈ ಬಿಗಿ ಹಿಡಿಯುತ್ತಿದ್ದಳು. ಅರ್ಧ ಹೋಳು ತುರಿದರೆ ಅದು ವಿಶೇಷ ಅಡುಗೆ.

ಆದರೆ ಗಾಳಿಗೆ ಉದುರಿದ ಕಾಯಿ ಅಟ್ಟಕ್ಕೆ ಬರುವುದಿಲ್ಲ. ಅದು ಇನ್ನೂ ಬಲಿತಿರುವುದಿಲ್ಲ, ಇಟ್ಟರೆ ಕೊಳೆಯುತ್ತದೆ. ತಿಂದೇ ತೀರಿಸಬೇಕು! ಬಿರುಗಾಳಿ ಬಂದುಹೋದ ವಾರವೆಲ್ಲ ಊರಿಗೆ ಊರೇ ಕಾಯಿ ಹೋಳಿಗೆ, ಕಾಯಿ ಕಡುಬು, ಒತ್ತು ಶಾವಿಗೆಗೆ ಕಾಯಿಹಾಲು. ದೊಡ್ಡವರು ಜಗಲಿಯಲ್ಲಿ ಕೂತು "ನಿಮ್ದೆಷ್ಟು ಮರ ಹೋದ್ವು?" "ನಮ್ದು ಹೋಗ್ಲಿ ಬುಡು, ಪಾಪ ಸಂಪಿಗೆ ಊರ್ನೋರ್ದು ಅರ್ಧ ತೋಟಾನೇ ಮಲ್ಗೋಯ್ತು" ಎಂದು ಸಾವಿನ ಮನೆಯವರ ಹಾಗೆ ಮಾತಾಡುತ್ತಿದ್ದರೆ, ಒಳಗೆ ನಾವು ಮಕ್ಕಳು ಕಾಯಿಹಾಲು ಸುರಿದುಕೊಂಡು ಉಣ್ಣುತ್ತಿದ್ದೆವು. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ, ಬಾಯಲ್ಲಿ ನೀರೂ ಬರುತ್ತದೆ.

ಇರಲಿ, ಚಾಪೆಗೆ ಬರುತ್ತೇನೆ.

ನಮ್ಮ ಹಿತ್ತಲಲ್ಲಿ, ಗಂಗತ್ತೆಯ ಮನೆಯ ಕಡೆಯ ಮೋಟು ಗೋಡೆಗೆ ಹತ್ತಿಕೊಂಡು ಒಂದು ತೆಂಗಿನಮರ ಇತ್ತು. ನಾನಿನ್ನೂ ಶಾಲೆಗೆ ಸೇರದ ಕಾಲದಲ್ಲಿ, ಒಂದು ಭರಣಿ ಮಳೆಯ ಸಂಜೆ ಬೀಸಿದ ಗಾಳಿಗೆ ಅದು ಬುಡದಿಂದಲೇ ಅವರ ಮನೆಯ ಮೇಲಕ್ಕೆ ವಾಲಿಕೊಂಡಿತು. ಬೀಳಲಿಲ್ಲ, ನೆಟ್ಟಗೂ ಆಗಲಿಲ್ಲ. ಫಲ ಹೊತ್ತ ಮರ, ಕಡಿಯಲು ಯಾರಿಗೂ ಮನಸ್ಸಿಲ್ಲ. ಅಪ್ಪ ದಪ್ಪ ತಂತಿ ತಂದು ಅದನ್ನು ನಮ್ಮ ಹಿತ್ತಲ ಹುಣಸೆಮರಕ್ಕೆ ಬಿಗಿದು ಕಟ್ಟಿದರು. ಗಂಗತ್ತೆಯ ಗಂಡ ಪ್ರೈವೇಟ್ ಬಸ್ಸಿನ ಕಂಡಕ್ಟರು, ಕತ್ತಲಾಗುವವರೆಗೆ ಮನೆಗೆ ಬರುತ್ತಿರಲಿಲ್ಲ. ಮಗಳು ನಾಗು ನನ್ನ ಓರಗೆಯವಳು. ಹೆಂಗಸು, ಮಗು, ಮೇಲೆ ವಾಲಿದ ಮರ. ಹೀಗಾಗಿ ಒಂದು ಒಪ್ಪಂದವಾಯಿತು. ಮರದ ಕಾಯಿ ಕೀಳಿಸಿದರೆ ನಮಗೆ. ಗಾಳಿಗೆ ತಾನಾಗಿ ಅವರ ಹಿತ್ತಲಿಗೆ ಬಿದ್ದರೆ ಅವರಿಗೆ. ಗಾಳಿ ಎದ್ದ ಕೂಡಲೇ ಗಂಗತ್ತೆ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದುಬಿಡಬೇಕು.

ಬರುತ್ತಿದ್ದಳು. ಮೋಟು ಗೋಡೆಯ ನಡುವೆ ಕಲ್ಲು ಬಿದ್ದು ಆಗಿದ್ದ ಸಂದಿನಲ್ಲಿ, ಒಂದು ಕಂಕುಳಲ್ಲಿ ನಾಗು, ಇನ್ನೊಂದರಲ್ಲಿ ಚಾಪೆ, ಸೆರಗಿನ ತುಂಬ ಆಗಲೇ ಬಿದ್ದಿದ್ದ ಕಾಯಿ. ನಮ್ಮವ್ವನ ಕುರ್ಚಿಯ ಪಕ್ಕದಲ್ಲೇ ಚಾಪೆ ಹಾಸಿ ಕೂರುತ್ತಿದ್ದಳು. ಕೆಲವು ಸಲ ಹೀಗೆ ಹೊತ್ತು ಸಾಕಾಗಿ ಒಂದು ದಿನ, "ಚಾಪೆ ಇಲ್ಲೇ ಇರ್ಲಿ ಬುಡಕ್ಕ, ಹೊತ್ಕಂಡ್ ತಿರುಗೋರ್ ಯಾರು" ಎಂದು ಬಾಗಿಲ ಹಿಂದೆ ನಿಲ್ಲಿಸಿ ಹೋದಳು. ಹಾಗೆ ಅದು ಗಾಳಿ ಚಾಪೆಯಾಯಿತು.

ಆ ಸಂಜೆಗಳೇ ಒಂದು ಚೆಂದ. ಕರೆಂಟು ಹೋಗಿರುತ್ತಿತ್ತು. ಹೊಗೆ ಕಾರುವ ಲಾಟೀನು. ಅಪ್ಪ ಮನೆಯಲ್ಲಿದ್ದರೆ ಪಡಸಾಲೆಯ ಕಂಬಕ್ಕೊರಗಿ ನಿಂತು, ಗುಡುಗಿದಾಗಲೆಲ್ಲ ಮಳೆರಾಯನ ಜೊತೆ ಮಾತಾಡುತ್ತಿದ್ದರು. "ಇಷ್ಟೇನಾ? ಇನ್ನೂ ಜೋರಾಗಿ ಬರ್ಲಿ!" ಎನ್ನುತ್ತಿದ್ದರು. ಹೆದರುವವರನ್ನು ಕಂಡರೆ ಅವರಿಗೆ ಎಲ್ಲಿಲ್ಲದ ಉತ್ಸಾಹ. ನಾನು ಕಿವಿ ಮುಚ್ಚಿಕೊಂಡರೆ ವಾರಗಟ್ಟಲೆ ಊರಿಗೆಲ್ಲ ನಟನೆ ಮಾಡಿ ತೋರಿಸುತ್ತಿದ್ದರು. ನಾಗು ಮತ್ತು ನಾನು ಅರ್ಜುನನ ಹೆಸರುಗಳನ್ನು ಹೇಳುತ್ತಿದ್ದೆವು: ಅರ್ಜುನ, ಫಲ್ಗುಣ, ಪಾರ್ಥ, ಕಿರೀಟಿ. ಹೇಳಿದರೆ ಸಿಡಿಲು ಬಡಿಯುವುದಿಲ್ಲವಂತೆ. ನನಗೆ ಭಯಕ್ಕೆ ಅರ್ಧ ಹೆಸರು ಮರೆತುಹೋಗಿ, ನಮ್ಮ ತರಗತಿಯ ಹಾಜರಿಯಲ್ಲಿದ್ದ ಹೆಸರುಗಳನ್ನೆಲ್ಲ ಸೇರಿಸಿ ಒದರುತ್ತಿದ್ದೆ. ಸಿಡಿಲು ಅದಕ್ಕೂ ಒಪ್ಪಿಕೊಂಡಿರಬೇಕು, ನಮ್ಮ ಮೇಲಂತೂ ಬೀಳಲಿಲ್ಲ. ಒಂದೊಂದು ಗುಡುಗಿಗೂ ಅಟ್ಟದ ಮೇಲೆ ಒಣಗಿದ ಕಾಯಿಗಳು ಲೊಟಲೊಟ ಎಂದು ಅದುರುತ್ತಿದ್ದವು. ಗಂಗತ್ತೆ ಮಾತು ನಿಲ್ಲಿಸುತ್ತಿರಲಿಲ್ಲ. ಬಸ್ಸಿನಲ್ಲಿ ಗಂಡ ಕಂಡ ಜಗಳ, ತವರಿನ ಎಮ್ಮೆ, ನಾದಿನಿಯ ಸೊಕ್ಕು ಎಲ್ಲ ಬರುತ್ತಿತ್ತು. ಅವ್ವ "ಹೂಂ, ಹೂಂ" ಎನ್ನುತ್ತಾ ಕೇಳುತ್ತಿದ್ದಳು. ಗಂಗತ್ತೆಗೆ ಗುಡುಗೆಂದರೆ ಭಯ, ಅದಕ್ಕೇ ಅಷ್ಟು ಮಾತಾಡುತ್ತಾಳೆ, ನಮ್ಮವ್ವ ಧೈರ್ಯಸ್ಥೆ, ಅದಕ್ಕೇ ಸುಮ್ಮನಿರುತ್ತಾಳೆ ಎಂದು ನಾನು ತೀರ್ಮಾನ ಮಾಡಿಬಿಟ್ಟಿದ್ದೆ.

ಒಂದೇ ಒಂದು ಸಲ ಆ ಚಾಪೆಗೆ ಕುತ್ತು ಬಂತು. ಒಂದು ದಿನ, ಗಾಳಿಯ ಸುಳಿವೇ ಇಲ್ಲದ ಮಧ್ಯಾಹ್ನ, ಗಂಗತ್ತೆಯ ಹಿತ್ತಲಲ್ಲಿ ದಪ್ ದಪ್ ಎಂದು ಕಾಯಿ ಬಿದ್ದ ಸದ್ದಾಯಿತು. ಅವ್ವ ಹೋಗಿ ನೋಡಿದರೆ ಗಂಗತ್ತೆಯ ಗೋಡೆಗೆ ಕಾಯಿ ಕೀಳುವ ಒಂದು ಉದ್ದನೆಯ ದೋಟಿ ಒರಗಿಸಿತ್ತು.

"ಏನ್ ಗಂಗಿ, ಇವತ್ತು ಗಾಳಿ ನಿಮ್ಮನೆ ದೋಟಿ ಒಳಗೆ ಬಂದಿತ್ತಾ?" ಎಂದಳು ಅವ್ವ.

ಗಂಗತ್ತೆ ಕೆರಳಿದಳು. "ನುಗ್ಗೇಕಾಯಿ ಕಿತ್ತ ದೋಟಿ ಅದು! ಒಂದ್ ಕಾಯಿಗೆ ಕಳ್ಳಿ ಅಂತೀಯಾ ನನ್ನ? ನಮ್ ಚಾಪೆ ಕೊಟ್ಬುಡು. ಇನ್ ನಿಮ್ಮನೆ ಹೊಸ್ಲು ತುಳಿದ್ರೆ ಕೇಳು."

ಅವ್ವನೂ ಬಿಟ್ಟವಳಲ್ಲ. ಚಾಪೆ ತಂದು ಮೋಟು ಗೋಡೆಯ ಮೇಲಿಟ್ಟು ಒಳಗೆ ಬಂದಳು. ಗಂಗತ್ತೆ ತೆಗೆದುಕೊಂಡು ಹೋಗಲಿಲ್ಲ, ಅವ್ವ ವಾಪಸ್ಸು ತರಲಿಲ್ಲ. ಚಾಪೆ ಬಿಸಿಲಲ್ಲಿ ಒಣಗುತ್ತಾ ಗೋಡೆ ಮೇಲೇ ಕೂತಿತು. ನಾಗು ಮತ್ತು ನಾನು ಮಾತಾಡುವುದಕ್ಕೂ ನಿಷೇಧ ಬಂತು. ನಾವು ಶಾಲೆಯಲ್ಲಿ ಮಾತಾಡಿಕೊಂಡೆವು ಅನ್ನಿ.

ಅದೇ ವರ್ಷ ಆಲಿಕಲ್ಲು ಬಿದ್ದದ್ದು. ನಮ್ಮೂರಿನವರು ಇವತ್ತಿಗೂ "ಆಲಿಕಲ್ಲಿನ್ ವರ್ಷ" ಎಂದರೆ ಅದೊಂದೇ. ನಾಲ್ಕು ಗಂಟೆಗೇ ಆಕಾಶ ಕರ್ರಗಾಯಿತು. ಅಪ್ಪ ಕೊಬ್ಬರಿ ಹಾಕಿಕೊಂಡು ತಿಪಟೂರಿಗೆ ಹೋಗಿದ್ದರು. ಮೊದಲು ಗಾಳಿ, ಆಮೇಲೆ ಹೆಂಚಿನ ಮೇಲೆ ಯಾರೋ ಹೆಡಿಗೆಗಟ್ಟಲೆ ಜಲ್ಲಿ ಸುರಿದ ಹಾಗೆ ಸದ್ದು. ಅವ್ವ ಒನಕೆ, ಮೊರ ಎರಡನ್ನೂ ಅಂಗಳಕ್ಕೆ ಎಸೆದಳು. ಹಾಗೆಸೆದರೆ ಆಲಿಕಲ್ಲು ನಿಲ್ಲುತ್ತದೆಂದು ನಂಬಿಕೆ. ನಿಲ್ಲಲಿಲ್ಲ, ಮೊರ ತೂತಾಯಿತು. ಹೆಂಚು ಒಡೆದು ಚೂರು ಒಳಗೆ ಬೀಳತೊಡಗಿದವು. ಅವ್ವ ನನ್ನನ್ನು ಎಳೆದುಕೊಂಡು ಅಟ್ಟದ ಕೆಳಗೆ ಕೂತಳು. ಆಗ ನೋಡಿ, ಹಿತ್ತಲ ಬಾಗಿಲನ್ನು ಯಾರೋ ದಬದಬ ಒದ್ದರು.

ಬಾಗಿಲು ತೆಗೆದರೆ ಗಂಗತ್ತೆ! ಗೋಡೆ ಮೇಲಿನ ಚಾಪೆಯನ್ನೇ ತಲೆಯ ಮೇಲೆ ಹೊದ್ದುಕೊಂಡು, ಅದರಡಿ ನಾಗುವನ್ನು ಅವುಚಿಕೊಂಡು ಬಂದಿದ್ದಳು. ಚಾಪೆಯ ಮೇಲೆಲ್ಲ ಬಿಳಿಯ ಕಲ್ಲು. "ನಾನು ನಿನ್ ಮಾತಾಡ್ಸಕ್ ಬಂದಿಲ್ಲ. ಮರದ ಭಯಕ್ ಬಂದಿದೀನಿ ಅಷ್ಟೇಯ" ಎಂದವಳೇ ಒದ್ದೆ ಚಾಪೆ ಹಾಸಿ, ಅವ್ವನಿಗೆ ಬೆನ್ನು ಹಾಕಿ ಕೂತಳು. ಅವ್ವ ಅತ್ತ ಮುಖ, ಇವಳು ಇತ್ತ ಮುಖ. ಮುಂದಿನ ಸಿಡಿಲು ಎಲ್ಲೋ ಹತ್ತಿರದಲ್ಲೇ ಹೊಡೆಯಿತು. ಅಟ್ಟವೆಲ್ಲ ಲೊಟಲೊಟ ಎಂದಿತು. ನಾನು ಕಣ್ಣು ಬಿಟ್ಟು ನೋಡಿದಾಗ ಇಬ್ಬರ ಕೈಗಳೂ ಬೆನ್ನ ಹಿಂದೆ ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿದ್ದವು. ಮುಖ ಮಾತ್ರ ಇನ್ನೂ ಅತ್ತಿತ್ತಲೇ ಇತ್ತು. ನಮ್ಮವ್ವ ಎಷ್ಟು ದೊಡ್ಡ ಮನಸ್ಸಿನವಳು, ಜಗಳವಾಡಿದವಳಿಗೂ ಧೈರ್ಯ ಕೊಡುತ್ತಿದ್ದಾಳೆ ಎಂದು ನನಗೆ ಬಹಳ ಹೆಮ್ಮೆಯಾಯಿತು. ಮಳೆ ನಿಂತ ಮೇಲೆ ನಾಗುವೂ ನಾನೂ ಅಂಗಳದ ಆಲಿಕಲ್ಲು ಆರಿಸಿ ಬೆಲ್ಲದ ಜೊತೆ ತಿಂದೆವು. ಚಾಪೆ ಬಾಗಿಲ ಹಿಂದಿನ ತನ್ನ ಜಾಗಕ್ಕೆ ಹೋಯಿತು. ದೋಟಿಯ ಮಾತು ಆಮೇಲೆ ಯಾರೂ ಎತ್ತಲಿಲ್ಲ.

ವರ್ಷಗಳು ಹೋದವು. ಅಪ್ಪ ಹೋದರು, ಕಂಡಕ್ಟರ್ ಮಾವನೂ ಹೋದರು. ಮಳೆಯೇ ಬಾರದ ಕೆಲವು ವರ್ಷಗಳೂ ಬಂದುಹೋದವು. ತೆಂಗಿನ ಗರಿಗಳೆಲ್ಲ ಜೋತುಬಿದ್ದು, ಕಾಯಿ ನಿಂಬೆಹಣ್ಣಿನ ಗಾತ್ರಕ್ಕೇ ಉದುರುತ್ತಿದ್ದವು. ಗುಡುಗೂ ಇಲ್ಲ, ಗಾಳಿಯೂ ಇಲ್ಲ. ಆ ವರ್ಷಗಳಲ್ಲಿ ಅವ್ವ ಆಗಾಗ ಚಾಪೆಯನ್ನು ಹೊರಗೆ ಒಯ್ದು ಧೂಳು ಕೊಡವಿ ಮತ್ತೆ ಅಲ್ಲೇ ನಿಲ್ಲಿಸುತ್ತಿದ್ದುದು ನೆನಪಿದೆ.

ನಾಗುವಿನ ಗಂಡ ಇದೇ ಊರಿನಲ್ಲಿ ಕೆಲಸಕ್ಕಿದ್ದುದರಿಂದ ಅವರು ಗಂಗತ್ತೆಯ ಜೊತೆಯಲ್ಲೇ ಇದ್ದಾರೆ. ಹಳೆಯ ಮನೆ ಕೆಡವಿ ಗಟ್ಟಿಯಾದ ಕಾಂಕ್ರೀಟ್ ಮೋಲ್ಡಿನ ಮನೆ ಕಟ್ಟಿದರು. ಸಿಮೆಂಟು, ಕಬ್ಬಿಣ ಎಲ್ಲ ನನ್ನ ಅಂಗಡಿಯದೇ. ಇನ್ನು ಮರ ಬಿದ್ದರೂ ಮನೆಗೆ ಏನೂ ಆಗುವುದಿಲ್ಲ ಎಂದು ನಾನೇ ಗ್ಯಾರಂಟಿ ಕೊಟ್ಟೆ. ಆದರೆ ಗಾಳಿ ಎದ್ದರೆ ಗಂಗತ್ತೆ ಆ ಗಟ್ಟಿ ಮನೆ ಬಿಟ್ಟು, ಮಂಡಿ ಹಿಡಿದುಕೊಂಡು, ಅದೇ ಸಂದಿನಲ್ಲಿ ನುಸುಳಿ ನಮ್ಮ ಹಳೇ ಹೆಂಚಿನ ಮನೆಗೆ ಬರುತ್ತಿದ್ದಳು. "ಗಂಗತ್ತೆ, ಕೋಟೆ ಬಿಟ್ಟು ಗುಡಿಸಲಿಗೆ ಬಂದ್ಯಲ್ಲ" ಎಂದು ನಾನು ರೇಗಿಸುತ್ತಿದ್ದೆ. "ನಿನ್ ಸಿಮೆಂಟು ನಾನ್ ನಂಬಾಕಿಲ್ಲ ಹೋಗ್ಲಾ" ಎಂದು ಬಾಯಿ ಮುಚ್ಚಿಸುತ್ತಿದ್ದಳು. ನನ್ನ ಹೆಂಡತಿ ಶಾಂತ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು.

ಎರಡು ವರ್ಷದ ಹಿಂದೆ, ಅವರಿಬ್ಬರೂ ಹೀಗೇ ನಡುಮನೆಯಲ್ಲಿ ಕೂತಿರುವಾಗ ಆ ವಾಲಿದ ಮರಕ್ಕೇ ಸಿಡಿಲು ಹೊಡೆಯಿತು. ಮನೆಯೆಲ್ಲ ಬೆಳ್ಳಗಾಗಿ, ಕಿವಿ ಗುಂಯ್‌ಗುಟ್ಟಿತು. ಸುಳಿಯಲ್ಲಿ ಹೊಗೆಯಾಡುತ್ತಿತ್ತು. ಆಮೇಲೆ ಗರಿಗಳು ಒಂದೊಂದಾಗಿ ಕೆಳಗೆ ಜೋತವು, ಸುಳಿ ಕಳಚಿ ಬಿತ್ತು, ಬರೀ ಕಂಬ ಉಳಿಯಿತು. ಸತ್ತ ಮರ ಯಾವಾಗ ಮುರಿದರೂ ನಾಗುವಿನ ಮಕ್ಕಳು ಓಡಾಡುವ ಅಂಗಳಕ್ಕೇ ಬೀಳಬೇಕು. ನಾಗು ಬಂದು, "ಮಂಜಣ್ಣ, ಇನ್ ಮುಲಾಜು ನೋಡ್ಬ್ಯಾಡ, ಕಡಿಸ್ಬುಡು" ಎಂದಳು. ಕಡಿಯುವವರಿಗೆ ಹೇಳಿ ಕಳಿಸಿದೆ.

ಅವರು ಬರುವ ಹಿಂದಿನ ದಿನ ಗಂಗತ್ತೆ ನನ್ನ ಅಂಗಡಿಗೇ ಬಂದಳು. ಆ ಮಂಡಿ ಇಟ್ಟುಕೊಂಡು ಅಷ್ಟು ದೂರ ನಡೆದು ಬಂದಿದ್ದಾಳೆ ಎಂದರೆ ಏನೋ ಗಹನವಾದದ್ದೇ. ಸಿಮೆಂಟು ಮೂಟೆಯ ಮೇಲೆ ಕೂತು ಸುಧಾರಿಸಿಕೊಂಡಳು.

"ಮರ ಕಡಿಯೋದ್ ನಿಲ್ಸಕ್ಕಾಗಲ್ವಾ ಮಂಜ?"

"ಸತ್ತ ಮರ ಅದು ಗಂಗತ್ತೆ. ಮಕ್ಕಳು ಓಡಾಡೋ ಜಾಗ."

"ಅದೇನೋ ಸರಿ ಕಣಪ್ಪ. ಕಡೀಲೇಬೇಕು." ಸೆರಗಿನಿಂದ ಮುಖದ ಬೆವರು ಒರೆಸಿಕೊಂಡು, "ಮರ ಹೋದ್ ಮ್ಯಾಕೆ ನಾನು ಯಾವ್ ನೆಪ ಹೇಳ್ಕಂಡು ನಿಮ್ಮನೆಗೆ ಬರ್ಲಿ?" ಎಂದಳು.

"ನೆಪ ಯಾಕತ್ತೆ? ಸುಮ್ನೆ ಬಾ. ನಮ್ಮನೇಲಿ ನಿನಗೆ ಭಯ ಕಮ್ಮಿ ಆಗುತ್ತೆ ಅಂದ್ರೆ..."

"ಯಾರಿಗ್ಲಾ ಭಯ?" ಗಂಗತ್ತೆ ನನ್ನನ್ನು ದುರುಗುಟ್ಟಿ ನೋಡಿದಳು. "ಹುಟ್ದಾಗಿಂದ ನಂಗೆ ಗುಡುಗಿನ್ ಭಯ ಅನ್ನೋದೇ ಇಲ್ಲ. ಭಯ ಇರಾದು ನಿಮ್ಮವ್ವುಂಗೆ ಕಣ್ಲಾ."

ನಾನು ಮೂಟೆಯ ಪಕ್ಕದಲ್ಲೇ ಕುಕ್ಕರಿಸಿ ಕೂತೆ.

"ಮರ ವಾಲ್ದಾಗ ನಾನು ಮಗೀನ ಎತ್ಕಂಡು ಓಡ್ಬಂದೆ ನೋಡು, ಅವತ್ತು ನಿಮ್ಮಪ್ಪ ಇರ್ಲಿಲ್ಲ. ಒಳಗ್ ಬಂದ್ರೆ ನಿಮ್ಮವ್ವ ರಾಗಿ ಗುಡಾಣದ ಹಿಂದೆ ಮುದುರ್ಕಂಡು, ಕಿವಿ ಮುಚ್ಕಂಡು, ಎಲೆ ನಡುಗ್ದಂಗೆ ನಡುಗ್ತಾ ಅವ್ಳೆ. ಪಕ್ಕದಲ್ಲಿ ನೀನು ನಿದ್ದೆ ಹೊಡೀತಿದ್ದೆ. ನಿಮ್ಮಪ್ಪಂಗೆ ಗೊತ್ತಾದ್ರೆ ಊರಿಗೆಲ್ಲ ಹೇಳ್ಕಂಡು ನಗ್ತಾರೆ ಅಂತ ಬಾಯ್ ಬಿಟ್ಟಿರ್ಲಿಲ್ಲ ಪಾಪ. ನನ್ ಕಂಡು, 'ಮರದ ಭಯಕ್ ಬಂದ್ಯಾ ಗಂಗಿ? ಕೂತ್ಕ, ನಾನಿದೀನಿ' ಅಂದ್ಲು! ಹೂಂಕಣಕ್ಕ, ಮರದ ಭಯ ಅಂದೆ. ಅವತ್ತಿಂದ ಹಂಗೇ ನಡ್ಕಂಡ್ ಬಂತು. ಅವ್ಳಿಗಾಗಿ ಬತ್ತೀನಿ ಅಂತ ಗೊತ್ತಾದ್ರೆ ಒಳಕ್ಕೇ ಸೇರ್ಸಾಕಿಲ್ಲ ಅವ್ಳು. ಅಷ್ಟು ಬಿಗುಮಾನ."

ಆಲಿಕಲ್ಲಿನ ವರ್ಷದ ಆ ಎರಡು ಕೈಗಳು ನೆನಪಾದವು. ಯಾರ ಕೈ ಯಾರನ್ನು ಹಿಡಿದಿತ್ತು ಎನ್ನುವುದನ್ನು ನಾನು ಅಷ್ಟೂ ವರ್ಷ ತಿರುಗುಮುರುಗಾಗಿ ತಿಳಿದುಕೊಂಡಿದ್ದೆ. ಅಪ್ಪನ ನಟನೆಗೆ ಊರೆಲ್ಲ ನಗುತ್ತಿದ್ದಾಗ ಅವ್ವನೂ ಜೊತೆಗೆ ನಗುತ್ತಿದ್ದಳಲ್ಲ, ಅದೂ ನೆನಪಾಯಿತು. ಗಂಗತ್ತೆಗೆ ಟೀ ತರಿಸಿಕೊಟ್ಟೆ. "ನೀನೇನೂ ಯೋಚ್ನೆ ಮಾಡ್ಬೇಡ. ನೆಪ ತಾನೆ? ನಾನು ಹುಡುಕ್ತೀನಿ" ಎಂದೆ. ಇಡೀ ಊರಿಗೆ ಮಳೆಗಾಲದ ಸಾಮಾನು ಒದಗಿಸುವವನಿಗೆ ಒಂದು ನೆಪ ಒದಗಿಸುವುದು ಕಷ್ಟವೇ ಎಂದುಕೊಂಡೆ.

ಕಷ್ಟವೇ ಆಯಿತು. ಮರ ಕಡಿದು ಬರೀ ಮೋಟು ಉಳಿಯಿತು. ಅವ್ವ ಅದನ್ನು ನೋಡಿ, "ಇನ್ನೇನು, ಗಂಗಿ ಭಯ ಕಳೀತು. ಆರಾಮಾಗಿ ಅವ್ರ್ ಮನೇಲೇ ಇರ್ಬೋದು" ಎಂದಳು. ಹೇಳುವಾಗ ಬಾಗಿಲ ಹಿಂದಿನ ಚಾಪೆಯ ಕಡೆ ಒಂದು ಸಲ ನೋಡಿದಳು. ನಾನು ಸಮಯ ನೋಡಿ, "ಇಲ್ಲಮ್ಮ, ಅವರ ಮೋಲ್ಡ್ ಸೋರುತ್ತಂತೆ, ಮಳೆ ಬಂದ್ರೆ ಇಲ್ಲಿಗೇ ಬರ್ಬೇಕಂತೆ" ಎಂದು ಬಿಟ್ಟೆ. "ಸಿಮೆಂಟು ಕೊಟ್ಟೋನು ನೀನೇ ಅಲ್ವೇನ್ಲಾ? ಅಂಥಾದ್ ಮಾರಿದ್ಯಾ ಅವ್ರಿಗೆ?" ಎಂದು ಅವ್ವ ನನ್ನನ್ನೇ ಹಿಡಿದು ಜಾಡಿಸಿದಳು. ಆಮೇಲೆ ಇನ್ನೊಂದು ನೆಪ ಹುಡುಕುವ ಧೈರ್ಯ ನನಗೆ ಬರಲಿಲ್ಲ.

ಕಳೆದ ವರ್ಷದ ಭರಣಿ ಬಂತು. ಗುಡುಗು ಸಹಿತ ಮಳೆಯಾಗಲಿದೆ, ಎಚ್ಚರಿಕೆ ಎಂದು ಮೊಬೈಲಿಗೆ ಮೆಸೇಜು ಬಂದದ್ದು ನಾನು ನೆನೆದು ಮನೆ ಸೇರಿದ ಮೇಲೆ. ಕರೆಂಟು ಹೋಯಿತು. ಅವ್ವ ಕುರ್ಚಿಯಲ್ಲಿ ಕೂತು ಹುಣಸೆಹಣ್ಣಿನ ನಾರು ಬಿಡಿಸುತ್ತಿದ್ದಳು. ಮೊದಲ ಗುಡುಗಿಗೆ ಅಟ್ಟದ ಕಾಯಿ ಲೊಟಲೊಟ ಎಂದವು, ಅವಳ ಬೆರಳು ನಿಂತವು. ಹಿತ್ತಲ ಬಾಗಿಲ ಕಡೆ ನೋಡಿದಳು. ಸಂದಿನಲ್ಲಿ ಯಾರೂ ಬರಲಿಲ್ಲ. ಮತ್ತೆ ನಾರು ಬಿಡಿಸಿದಳು, ಮತ್ತೆ ಗುಡುಗಿತು, ತಟ್ಟೆ ತೊಡೆಯಿಂದ ಜಾರಿತು. ಶಾಂತ ಹೋಗಿ ಭುಜ ಹಿಡಿದರೆ, "ನಂಗೇನಾಗೈತೆ, ಬುಡು" ಎಂದು ಕೊಸರಿಕೊಂಡಳು. ಎಪ್ಪತ್ತು ದಾಟಿದ ನನ್ನ ತಾಯಿ ಹೆದರಿದ ಮಗುವಿನ ಹಾಗೆ ಬೆವೆತಿದ್ದಳು. ಗಂಗತ್ತೆಯನ್ನು ಹೋಗಿ ಕರೆದುಕೊಂಡು ಬಂದುಬಿಡೋಣ, ಗುಟ್ಟು ರಟ್ಟಾದರೆ ಆಗಲಿ ಎಂದು ಚಪ್ಪಲಿ ಮೆಟ್ಟಿದೆ.

ಅಷ್ಟರಲ್ಲಿ ಅವ್ವ ಎದ್ದಳು. ಸೀದಾ ಬಾಗಿಲ ಹಿಂದೆ ಹೋಗಿ, ಗಾಳಿ ಚಾಪೆ ತೆಗೆದು ಕಂಕುಳಲ್ಲಿ ಇರುಕಿಕೊಂಡಳು.

"ಈ ಹೆಂಚಿನ್ ಮನೆ ನಂಬಕ್ಕಾಗಲ್ಲ ಕಣ್ಲಾ ಮಂಜ. ಅಟ್ಟದ್ ತುಂಬ ಕಾಯಿ ಬೇರೆ ತುಂಬಿದೀಯ, ತಲೆ ಮ್ಯಾಲ್ ಬಿದ್ರೆ ಏನ್ ಗತಿ? ನಾನು ಗಂಗಿ ಮನೆಗ್ ಹೋಗಿರ್ತೀನಿ."

ಅಲ್ಲಮ್ಮ, ಆಲಿಕಲ್ಲಿಗೂ ಜಗ್ಗದ ಅಟ್ಟ ಇದು ಎನ್ನಲು ಬಾಯಿ ತೆರೆದೆ. ಶಾಂತ ಹಿಂದಿನಿಂದ ಜೋರಾಗಿ ಚಿವುಟಿದಳು. "ಹೌದಮ್ಮ, ನಂಬಕ್ಕಾಗಲ್ಲ" ಎಂದೆ.

ಅಂಗಡಿಯ ಟಾರ್ಪಾಲೊಂದನ್ನು ಅವಳ ತಲೆಯ ಮೇಲೆ ಎತ್ತಿ ಹಿಡಿದುಕೊಂಡು, ತೆಂಗಿನ ಮೋಟನ್ನು ಬಳಸಿ, ಸಂದಿನಲ್ಲಿ ದಾಟಿಸಿದೆ. ಗಂಗತ್ತೆಯ ಹಿತ್ತಲ ಬಾಗಿಲು ತೆರೆದೇ ಇತ್ತು. ಗಂಗತ್ತೆ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದಳು. ಸೀರೆಯ ಮುಂಭಾಗವೆಲ್ಲ ಇರಚಲಿಗೆ ತೊಯ್ದು ಹೋಗಿತ್ತು. ಗಾಳಿ ಎದ್ದಾಗಿನಿಂದ ನಮ್ಮ ಮನೆಯ ಕಡೆಯೇ ನೋಡುತ್ತಾ ನಿಂತಿದ್ದಳಂತೆ.

"ಹೆಂಚಿನ್ ಮನೆ ಕಣೇ ಗಂಗಿ, ಭಯ ಆಯ್ತದೆ" ಎಂದಳು ಅವ್ವ. ತನಗೆ ಭಯ ಎನ್ನುವ ಮಾತನ್ನು ಅವಳ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

"ಆಗ್ದೆ ಇರ್ತದಾ ಅಕ್ಕ! ಈ ಗಾಳಿಗೆ ಹೆಂಚನ್ನ ಯಾರ್ ನಂಬ್ತಾರೆ? ಬಾ, ಕೂತ್ಕ ಬಾ, ನಾನಿದೀನಿ" ಎಂದು ಗಂಗತ್ತೆ ಅವ್ವನ ಕೈ ಹಿಡಿದು ಒಳಗೆ ಕರೆದುಕೊಂಡಳು. ಚಾಪೆ ಹಾಸಿದರು. ನಾನು ಬಾಗಿಲಲ್ಲೇ ನಿಂತು ಒಂದಿಷ್ಟು ಅತ್ತುಬಿಟ್ಟೆ. ಮಳೆಯಲ್ಲಿ ನೆನೆದವನ ಮುಖ, ಯಾರಿಗೂ ಗೊತ್ತಾಗಲಿಲ್ಲ.

ಮಳೆ ನಿಂತ ಮೇಲೆ ಕರೆದುಕೊಂಡು ಬರಲು ಹೋದಾಗ ನಾನು ಚಾಪೆಗೆ ಕೈ ಹಾಕಿದೆ. ಅವ್ವ ತಡೆದಳು. "ಅದು ಅಲ್ಲೇ ಇರ್ಲಿ ಬುಡು, ಹೊತ್ಕಂಡ್ ತಿರುಗೋರ್ ಯಾರು." ಆ ವರ್ಷದ ಮಳೆ ಮುಗಿಯುವವರೆಗೆ ಅವಳು ಹೀಗೇ ಹೋಗಿ ಬಂದು ಮಾಡಿದಳು. ಒಂದೆರಡು ಸಲ, ಹೆಂಚನ್ನು ನಂ‍ಬಲಾಗುವುದಿಲ್ಲವೆಂದು ನಾನೂ ಶಾಂತಳೂ ಹಿಂದೆಯೇ ಹೋಗಿ ನಾಗು ಮಾಡಿದ ಕಾಯಿ ಕಡುಬು ತಿಂದು ಬಂದೆವು.

ಇದನ್ನೆಲ್ಲ ಪೇಂಟರಿಗೆ ಹೇಳಲಾಗುತ್ತದೆಯೇ? ಅವನು ಬ್ರಷ್ಷು ಹಿಡಿದು ಕಾಯುತ್ತಿದ್ದ. ಆ ನೀಲಿ ಪಟ್ಟೆಯನ್ನು ಹಾಗೇ ಬಿಟ್ಟುಬಿಡಲು ಹೇಳೋಣವೇ ಎಂದು ನಾನು ಅನುಮಾನಿಸುತ್ತಾ ಅವ್ವನ ಕಡೆ ನೋಡಿದೆ. ಅವಳು ಕುರ್ಚಿಯಿಂದಲೇ, "ಬಳ್ದ್ ಬುಡಪ್ಪ, ಅಲ್ಲೇನೂ ಇಡಾಕಿಲ್ಲ ಇನ್ನ" ಎಂದಳು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು:

"ಲೋ ಮಂಜ, ಈ ಸಲ ಭರಣಿ ಮಳೆ ಯಾವತ್ತು ಹುಟ್ತೈತೆ, ಒಸಿ ಪಂಚಾಂಗ ನೋಡ್ಲಾ."